ಪಿಳ್ಳಮ್ಮನ ಜಗಲಿಯಲ್ಲಿ ಕಣ್ಣಿನ ಕಸ

ಬೆಳಕು ಹರಿಯುವ ಹೊತ್ತು. ಬಾಗಲಗುಂಟೆಯ ಪಿಳ್ಳಮ್ಮ ಬಾಯಿ ಮುಕ್ಕಳಿಸಿ ಬಂದು, ಜಗಲಿಯ ಮೇಲೆ ಕೂತ ಕೂಲಿಯಾಳಿನ ರೆಪ್ಪೆ ಬಿಡಿಸಿ, ಕಣ್ಣೊಳಗೆ ನಾಲಿಗೆಯ ತುದಿ ಆಡಿಸುತ್ತಾರೆ. "ತಗೋ ನಿನ್ ಕಬ್ಣ" ಎಂದು ಅಂಗೈಗೆ ಉಗಿದು ತೋರಿಸುತ್ತಾರೆ. ಸಾಸಿವೆಗಿಂತ ಸಣ್ಣ ಚೂರು. ಆತ ಕಣ್ಣು ಮಿಟುಕಿಸಿ ನಗುತ್ತಾನೆ.

ಪಕ್ಕದ ಪೀಣ್ಯದ ಕಾರ್ಖಾನೆಗಳಲ್ಲಿ ಕಬ್ಬಿಣ ಉಜ್ಜುವವರಲ್ಲಿ ಬಹಳ ಮಂದಿ ರಾಯಚೂರು, ಧರ್ಮಪುರಿ ಕಡೆಯಿಂದ ಬಂದವರು. ಗುತ್ತಿಗೆದಾರ ಇವರ ಹೆಸರನ್ನು ಎಲ್ಲೂ ಬರೆಸಿಲ್ಲ. ಇಎಸ್‌ಐ ವಿಮೆ ಕಾರ್ಡಿಲ್ಲದೆ ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ, ಒಂದು ದಿನ ರಜೆ ಹಾಕಿದರೆ ಕೆಲಸವೇ ಇನ್ನೊಬ್ಬರ ಪಾಲು. ಹಾಗಾಗಿ ರಾತ್ರಿ ಪಾಳಿ ಮುಗಿಸಿದವರು ನೇರ ಈ ಜಗಲಿಗೆ ಬರುತ್ತಾರೆ. ಪಿಳ್ಳಮ್ಮನಿಗೆ ಇದು ಅತ್ತೆ ಕಲಿಸಿದ ವಿದ್ಯೆ. ಆಗೆಲ್ಲ ತೆಗೆಯುತ್ತಿದ್ದದ್ದು ಕಣದ ರಾಗಿ ಹೊಟ್ಟು. "ಒಲ ಓಯ್ತು, ಕಾರ್ಖಾನೆ ಬಂತು. ನಾಲ್ಗೆ ಮಾತ್ರ ಅದೇ ಐತೆ" ಎನ್ನುತ್ತಾರೆ.

ಮೊದಲು ದಿನಕ್ಕೆ ಹತ್ತು ಹನ್ನೆರಡು ಜನ ಬರುತ್ತಿದ್ದರು. ಈಗ ನಾಲ್ವರು ಬಂದರೆ ಹೆಚ್ಚು. ಕಾರಣ ಅನುಸೂಯಮ್ಮ. ಧರ್ಮಸಂಸ್ಥೆಯೊಂದು ಹೋದ ವರ್ಷ ಊರಾಚೆ ತೆರೆದ ಬಿಟ್ಟಿ ದವಾಖಾನೆಯ ನರ್ಸ್ ಆಕೆ. ಯಾರನ್ನೂ ಕಾರ್ಡು ಕೇಳುವುದಿಲ್ಲ. ಆ ಹೆಸರೆತ್ತಿದರೆ ಸಾಕು, ಪಿಳ್ಳಮ್ಮ ಮುಖ ಸಿಂಡರಿಸುತ್ತಾರೆ.

"ಏನ್ ಮಹಾ! ಬಿಳಿ ಸೀರೆ ಉಟ್ಕೊಂಡು, ಬಾಟ್ಲಿ ಇಟ್ಕೊಂಡು ನಮ್ ಜನಾನೆಲ್ಲಾ ಎಳ್ಕೊಂಡ್ಬಿಟ್ಲು."

ಅವರ ಬಗ್ಗೆ ಬರೆಯಲು ಹೋದ ನಾನು, ಹೊಟ್ಟೆಕಿಚ್ಚೇ ಎಂದು ಕೆಣಕಿದೆ.

"ಊಂ ಸಾರ್, ಒಟ್ಟೆಕಿಚ್ಚೇ. ಉರೀತೈತೆ. ಸುಳ್ಳು ಯಾಕೆ ಯೋಳ್ಲಿ?"

ಈ ಕಿಚ್ಚು ಹೋದ ತಿಂಗಳು ರಾಯಚೂರಿನ ಮಾನಪ್ಪನ ಕಣ್ಣನ್ನೇ ಕಳೆಯುವುದರಲ್ಲಿತ್ತು. ಚೂರು ಕಪ್ಪು ಗುಡ್ಡೆಗೇ ನಾಟಿತ್ತು, ನಾಲಿಗೆಗೆ ಸಿಗಲಿಲ್ಲ. ನರ್ಸ್ ಹತ್ತಿರ ಹೋಗು ಎನ್ನಲು ಪಿಳ್ಳಮ್ಮನಿಗೆ ಬಾಯಿ ಬರಲಿಲ್ಲ. ನಾಳೆ ಬಾ ಎಂದುಬಿಟ್ಟರು. ಮರುದಿನ ಆತ ಗೋಡೆ ಹಿಡಿದುಕೊಂಡು ಬಂದ. ಕಣ್ಣು ಊದಿಕೊಂಡು ಕೆಂಡವಾಗಿತ್ತು.

"ಯವ್ವಾ, ಕಣ್ಣ ಹೋದ್ರ ನನಗ ಕೆಲಸಾ ಯಾರ ಕೊಡ್ತಾರ?"

ಪಿಳ್ಳಮ್ಮ ಅವನ ಕೈ ಹಿಡಿದು ಆ ದವಾಖಾನೆಗೆ ನಡೆದರು. ಅನುಸೂಯಮ್ಮ ಹನಿ ಬಿಟ್ಟು, ಪಟ್ಟಿ ಕಟ್ಟಿ, ತಾವೇ ಜೊತೆಗೆ ಹೋಗಿ ಪೇಟೆಯ ಕಣ್ಣಾಸ್ಪತ್ರೆಯಲ್ಲಿ ಚೂರು ತೆಗೆಸಿದರು. ಕಣ್ಣು ಉಳಿಯಿತು. "ತಡ ಮಾಡಿದ್ರಿ ಅಮ್ಮಾ. ಇನ್ಮೇಲೆ ನಾಲಿಗೆ ಹಾಕ್ಬೇಡಿ, ಬಂದೋರನ್ನ ಅವತ್ತೇ ಕಳ್ಸಿ" ಎಂದರಂತೆ.

ಕಪ್ಪು ಗುಡ್ಡೆಗೆ ನಾಟಿದ್ದರೆ ಪಿಳ್ಳಮ್ಮ ಈಗ ಆ ಕ್ಷಣವೇ ಕಳಿಸುತ್ತಾರೆ. ಉಳಿದದ್ದನ್ನು ಬಿಟ್ಟುಕೊಡುವ ಮನಸ್ಸು ಇನ್ನೂ ಇಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ದವಾಖಾನೆಯ ದಿಕ್ಕಿಗೆ ನೋಡುತ್ತಾರೆ.

"ಆವಮ್ಮನ ಕಣ್ಗೂ ಒಂದಿನ ದೂಳು ಬೀಳ್ಬೇಕು ಸಾರ್. ಇಲ್ಲೇ ಬಂದು ಕುಂತ್ಕೋಬೇಕು. ನೋವಾಗ್ದಂಗೆ ತೆಗೀತೀನಿ."