ಶೆಲ್ಫಿನ ಮೇಲೆ ಹಾಸಿದ ಸಮುದ್ರ

ಯಾವ ಹಡಗು ಯಾವ ಬಂದರನ್ನು ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಬಿ.ಟಿ.ಎಂ. ಲೇಔಟಿನ ಆಫೀಸಿನಲ್ಲಿ ಸ್ಕ್ರೀನು ನೋಡಿ ಹೇಳುವುದು ನನ್ನ ಕೆಲಸ. ಹಡಗನ್ನು ಕಣ್ಣಾರೆ ಕಂಡವನಲ್ಲ. ನಾನೇ ಹೊತ್ತಿಗೆ ಸರಿಯಾಗಿ ಆಫೀಸು ಮುಟ್ಟಿದ್ದೂ ಕಡಿಮೆ.

ಕೋಣನಕುಂಟೆಯಲ್ಲಿ ನನ್ನ ಮನೆ ಓನರ್ ಮುನಿವೆಂಕಟಮ್ಮನವರದೂ ಇದೇ ಕೆಲಸ, ಸಂಬಳವಿಲ್ಲ ಅಷ್ಟೆ. ಹೊಲವೆಲ್ಲ ಸೈಟುಗಳಾದಾಗ ಅವರ ಗಂಡ ಚಿಕ್ಕಬೈರಪ್ಪ ಬೊಂಬಾಯಿಯ ಹೋಟೆಲು ಸೇರಿ, ಅಲ್ಲಿಂದ ಸರಕಿನ ಹಡಗಿಗೆ ಅಡುಗೆಯವರಾಗಿ ಹೋದರು. ಆಗ ಅಧಿಕಾರಿಗಳು ಕಾಗದದ ನಕಾಶೆಯ ಮೇಲೆ ಪೆನ್ಸಿಲಿನಲ್ಲಿ ದಾರಿ ಎಳೆಯುತ್ತಿದ್ದರಂತೆ. ಹಳತಾಗಿ ಬಿಸಾಡಿದ ನಕಾಶೆಗಳನ್ನು ಇವರು ಮನೆಗೆ ತಂದರು, ಆಕೆ ಅಡುಗೆಮನೆಯ ಶೆಲ್ಫಿಗೆ ಹಾಸಿದರು. ಗಂಡ ಬಂದರಿನಿಂದ ಫೋನು ಮಾಡಿದಾಗಲೆಲ್ಲ ಅರಿಶಿನದ ಡಬ್ಬಿ ನಕಾಶೆಯ ಮೇಲೆ ಆ ಬಂದರಿಗೆ ಸರಿಯುತ್ತಿತ್ತು. ಅಪ್ಪ ಎಲ್ಲಿ ಎಂದು ಮಕ್ಕಳು ಕೇಳಿದರೆ ಡಬ್ಬಿ ತೋರಿಸುತ್ತಿದ್ದರಂತೆ.

"ಈಗ ಹಡಗಲ್ಲೂ ಪೇಪರ್ ಇಲ್ವಂತೆ, ಎಲ್ಲಾ ಟಿವಿ ತರ. ಶೆಲ್ಫಿಗೆ ಏನ್ ಹಾಸೋದು ಹೇಳು," ಎನ್ನುವರು.

ನಾನು ಬಾಡಿಗೆಗೆ ಬಂದಮೇಲೆ ಮೊಬೈಲಿನ ನಕಾಶೆಯಲ್ಲಿ ಗಂಡನ ಹಡಗು ಎಲ್ಲಿದೆಯೆಂದು ಹೇಳುವ ಚುಕ್ಕೆ ತೋರಿಸಿದೆ. ಅಂದಿನಿಂದ ಬೆಳಗ್ಗೆ ನನಗೊಂದು ಲೋಟ ಕಾಫಿ, ಅವರಿಗೊಂದು ಚುಕ್ಕೆ.

ಹೋದ ತಿಂಗಳು ಚಿಕ್ಕಬೈರಪ್ಪನವರದು ನಿವೃತ್ತಿಗೆ ಮುಂಚಿನ ಕೊನೆಯ ಪ್ರಯಾಣ, ದುಬೈ ಕಡೆಗೆ. ನಿದ್ದೆಗಣ್ಣಿನಲ್ಲಿ ನೋಡಿ, "ಆಂಟಿ, ಅಂಕಲ್ ಹಡಗು ಏರ್‌ಪೋರ್ಟಲ್ಲಿದೆ," ಎಂದುಬಿಟ್ಟೆ.

"ಹಡಗು ನೆಲಕ್ಕೆ ಹತ್ತುತ್ತೇನಪ್ಪ?"

ಆ ಕಡೆ ಯಾರೋ ಉಪಗ್ರಹದ ಸಿಗ್ನಲ್ ಕೆಡಿಸುತ್ತಾರೆ, ಚುಕ್ಕೆ ಸುಳ್ಳು ಜಾಗ ತೋರಿಸುತ್ತದೆ, ಹೆದರಬೇಡಿ ಎಂದು ಭಾಷಣ ಮಾಡಿದೆ.

"ಸುಳ್ಳು ಅಂತ ನಿಂಗೊತ್ತು. ಓಡ್ಸೋರ್ಗೆ ಗೊತ್ತಾ?"

ನಮ್ಮ ಆಫೀಸಿನಲ್ಲಿ ಯಾರೂ ಕೇಳದ ಪ್ರಶ್ನೆ. ಡಬ್ಬಿಯನ್ನು ಎಲ್ಲಿಡುವುದೆಂದು ತಿಳಿಯದೆ ಅವರು ಮಡಿಲಲ್ಲಿಟ್ಟುಕೊಂಡು ಫೋನಿನ ಮುಂದೆ ಕುಳಿತರು. ಒಲೆ ಹಚ್ಚಲಿಲ್ಲ. ಹೊಟ್ಟೆನೋವೆಂದು ಮೆಸೇಜ್ ಹಾಕಿ ನಾನೂ ಕುಳಿತೆ.

ಮಧ್ಯಾಹ್ನ ಬಂದರಿನಿಂದ ಫೋನು ಬಂತು, ಸ್ಪೀಕರಿಗೆ ಹಾಕಿದೆ.

"ಸ್ಕ್ರೀನೆಲ್ಲ ತಲೆಕೆಟ್ಟಂಗೆ ತೋರುಸ್ತಿತ್ತು ಕಣೆ," ಚಿಕ್ಕಬೈರಪ್ಪನವರ ದನಿಯಲ್ಲಿ ಹುರುಪು. "ಕ್ಯಾಪ್ಟನ್ನು ಎಲ್ಲಿತ್ತೋ ಒಂದು ಹಳೇ ನಕಾಶೆ ಹರಡ್ಕೊಂಡು, ದಡದ ಗುಡ್ಡ ನೋಡ್ಕೊಂಡು ಗೆರೆ ಎಳುದ್ರು. ಹುಡುಗ್ರು ಪೆನ್ಸಿಲ್ ಹುಡುಕಿದ್ದೇ ಹುಡುಕಿದ್ದು. ಟೀ ತಗೊಂಡೋಗಿದ್ದೆ, ಅಲ್ಲೇ ನಿಂತ್ಬಿಟ್ಟೆ. ಹಳೇ ಕಾಲ ಬಂದಂಗಾಯ್ತು."

"ಟೀ ಆರೋಗಿರ್ತದೆ," ಎಂದರು ಮುನಿವೆಂಕಟಮ್ಮ.

"ಆರೋಯ್ತು. ಯಾರೂ ಬೈಲಿಲ್ಲ."

ಫೋನು ಇಟ್ಟು ಅವರು ಮುಖ ತೊಳೆಯಲು ಎದ್ದರು. ಬಹಳ ಹೊತ್ತು ನಲ್ಲಿಯ ಸದ್ದು ಕೇಳುತ್ತಲೇ ಇತ್ತು.