ಏಳರ ಮಗ್ಗಿ, ಮಚ್ಚಿನ ಸದ್ದು

ಇದನ್ನು ಬರೆಯಲು ಕೂತು, ಕನ್ನಡಕ ಒರೆಸುವ ನೆಪದಲ್ಲಿ ಎದ್ದುಹೋದ ಸಂಜೆಗಳು ಬಹಳ. ಮಕ್ಕಳ ಮದುವೆ ಮುಗಿಯಲಿ ಅಂದುಕೊಂಡೆ, ಆಮೇಲೆ ಕಣ್ಣಿನ ಪೊರೆ ತೆಗೆಸಿ ಬರೆಯೋಣ ಅಂದುಕೊಂಡೆ. ಎರಡೂ ಆಗಿ ವರ್ಷಗಳಾದವು. ಈಗ ನಾನಿರುವ ತಿಪಟೂರಿನ ಮನೆಯ ಹಿಂದೆ ಒಂದು ಕೊಬ್ಬರಿ ಗೋದಾಮಿದೆ. ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿ ಹೆಂಗಸರು ಚಿಪ್ಪು ಒಡೆಯಲು ಕೂರುತ್ತಾರೆ. ಮಚ್ಚಿನ ಬೆನ್ನು ಒಣಗಿದ ಚಿಪ್ಪಿಗೆ ಬೀಳುವ ಟಕ್ ಟಕ್ ಸದ್ದು, ಅದರ ಹಿಂದೆಯೇ ಕೊಬ್ಬರಿಯ ಸಿಹಿಯಾದ ಎಣ್ಣೆ ವಾಸನೆ ಕಿಟಕಿಯಿಂದ ಒಳಗೆ ಬರುತ್ತವೆ. ಬೇರೆಯವರಿಗೆ ಅದು ಕೆಲಸದ ಸದ್ದು. ನನಗೆ ಮಾತ್ರ ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಪುಟ್ಟ ಹುಡುಗಿಯೊಬ್ಬಳ ದನಿ ಕೇಳುತ್ತದೆ: ಏಳೊಂದ್ಲ ಏಳು, ಏಳೆರಡ್ಲ ಹದಿನಾಕು.

ಕಂದಿಕೆರೆಯ ಹತ್ತಿರದ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ತೆಂಗಿನಕಾಯಿಗೇ ಹೆಚ್ಚು ಜಾಗ. ಪಡಸಾಲೆಯ ಮೇಲೆ ಉದ್ದಕ್ಕೂ ಅಟ್ಟ. ಅಲ್ಲಿಗೆ ಏರಿದ ಕಾಯಿ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿಯಾಗಿ ಕೆಳಗಿಳಿಯಲು ಹೆಚ್ಚುಕಡಿಮೆ ಒಂದು ವರ್ಷ. ನಾವು ಉಂಡದ್ದು, ಓದಿದ್ದು, ಮಲಗಿದ್ದು ಎಲ್ಲ ಆ ಕಾಯಿಗಳ ಕೆಳಗೇ. ಅಪ್ಪ ಊರೂರು ಸುತ್ತಿ ಕೊಬ್ಬರಿ ಕೊಂಡು ತಿಪಟೂರಿನ ಮಾರುಕಟ್ಟೆಗೆ ಹಾಕುತ್ತಿದ್ದರು. ಮೂಟೆಯ ಬಾಯಲ್ಲಿ ಒಳ್ಳೆಯದನ್ನಿಟ್ಟು ತಳದಲ್ಲಿ ಹಸಿಯದನ್ನು ತುಂಬುವವರನ್ನು ಕಂಡು ಕಂಡು ಅವರಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. "ಯಾರ್ ಏನೇ ಹೇಳ್ಲಿ, ಮೊದ್ಲು ಮೂಟೆ ತಳಕ್ಕೆ ಕೈ ಹಾಕು ಕಣ್ಲಾ," ಎನ್ನುತ್ತಿದ್ದರು. ನಾನು ಅದನ್ನು ಕೊಬ್ಬರಿಗಿಂತ ಮನುಷ್ಯರ ಮೇಲೇ ಹೆಚ್ಚು ಪ್ರಯೋಗಿಸಿದೆ. ಅವ್ವ ಬೆಲ್ಲದ ಡಬ್ಬಿ ಜಾಗ ಬದಲಿಸಿದರೆ ನನಗೆ ಅನುಮಾನ, ಇಬ್ಬರು ಪಿಸುಗುಟ್ಟಿದರೆ ಅನುಮಾನ, ಯಾರಾದರೂ ನನ್ನನ್ನು ಹೊಗಳಿದರೆ ಇನ್ನೂ ಅನುಮಾನ.

ನನ್ನ ತಂಗಿ ಗಿರಿಜೆಗೆ ಎಳವೆಯಲ್ಲಿ ಜ್ವರ ಬಂದು ಒಂದು ಕಾಲು ಸೊರಗಿತ್ತು. ಸ್ಕೂಲಿದ್ದದ್ದು ಹಳ್ಳದ ಆಚೆ. ಹೀಗಾಗಿ ಅವಳ ಸ್ಕೂಲು ನಮ್ಮ ಪಡಸಾಲೆ, ಮೇಷ್ಟ್ರು ನಮ್ಮ ಸಣ್ಣತ್ತೆ. ಸಣ್ಣತ್ತೆ ಅಪ್ಪನ ತಂಗಿ. ಮದುವೆಯಾಗಿ ತುರುವೇಕೆರೆಗೆ ಹೋದವಳು ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ಓದಿದ್ದು ನಾಲ್ಕನೇ ಕ್ಲಾಸು. ಮಧ್ಯಾಹ್ನ ಅವಳು ಕಂಬಕ್ಕೆ ಒರಗಿ ಚಿಪ್ಪು ಒಡೆಯುವಾಗ ಗಿರಿಜೆ ಎದುರಿಗೆ ಕೂತು ಮಗ್ಗಿ ಹೇಳಬೇಕು. ನಿನ್ನೆಯದನ್ನು ಒಪ್ಪಿಸದೆ ಇವತ್ತಿನದು ಶುರುವಾಗುವಂತಿಲ್ಲ. ಮೇಲಿನಿಂದ ಕೆಳಕ್ಕೆ ಬಂದರೆ ಸಾಲದು, ಕೆಳಗಿನಿಂದ ಮೇಲಕ್ಕೂ ಹೇಳಬೇಕು, ನಡುವೆ ಎಲ್ಲಿ ಕೇಳಿದರೂ ಬರಬೇಕು. ಗಿರಿಜೆ ಲಂಗದ ಮರೆಯಲ್ಲಿ ಕದ್ದು ಬೆರಳು ಮಡಚಿದರೆ ಅತ್ತೆಗೆ ಹೇಗೋ ತಿಳಿಯುತ್ತಿತ್ತು. "ಬೆರಳ ಬುಡು ಕಣೇ, ಬಾಯಿಗೆ ಬರ್ಲಿ. ಬೆರಳು ನಾಳೆ ರೊಟ್ಟಿ ತಟ್ಟಾಕೆ ಬೇಕು," ಎನ್ನುವಳು. ಗಿರಿಜೆ ಕಿಲಕಿಲ ನಗುವಳು. ಮಚ್ಚು ಟಕ್ಕೆನ್ನುವುದು. ಮಗ್ಗಿ ಮುಂದೆ ಸಾಗುವುದು.

ಆಗ ನಾನು ಏಳನೇ ಕ್ಲಾಸು. ಏಳರ ಮಗ್ಗಿ ಬಾರದೆ ದಿನವೂ ಅಂಗೈಗೆ ಏಟು ತಿನ್ನುತ್ತಿದ್ದೆ. ಒಂದು ಸಂಜೆ ಉಣ್ಣುವಾಗ ಅಪ್ಪ, "ಮನೇಲಿ ಕುಂತಿರೋಳು ಗಳಗಳ ಅಂತ ಹೇಳ್ತಾಳೆ, ಇಸ್ಕೂಲಿಗೆ ಹೋಗೋ ನಿಂಗೇನ್ಲಾ ಬಂದಿರೋದು?" ಎಂದರು. ಗಿರಿಜೆ ತುತ್ತು ಬಾಯಲ್ಲಿಟ್ಟುಕೊಂಡೇ, "ಅಣ್ಣಂಗೆ ಏಳೆಂಟ್ಲ ಎಷ್ಟು ಅಂತ ಕೇಳಪ್ಪ, ನೀರು ಕುಡಿಯಾಕೆ ಎದ್ದೋಯ್ತಾನೆ," ಎಂದಳು. ಎಲ್ಲರೂ ನಕ್ಕರು. ನನಗೆ ನಿಜವಾಗಿಯೂ ನೀರು ಬೇಕಾಗಿತ್ತು, ಆದರೂ ಏಳಲಿಲ್ಲ. ಮನೆಯಲ್ಲಿ ಕೂತವಳಿಗೆ ಬರುವುದು ನನಗೇಕೆ ಬಾರದು? ಇದರಲ್ಲಿ ಏನೋ ಇದೆ ಎಂದು ಮನಸ್ಸು ಹೇಳಿತು.

ಅಂದಿನಿಂದ ಬಾಗಿಲ ಮರೆಯಲ್ಲಿ ನಿಂತು ನೋಡತೊಡಗಿದೆ. ಗಿರಿಜೆ ತಡವರಿಸಿದಾಗ ಮಚ್ಚು ನಿಲ್ಲುತ್ತಿತ್ತು. ಆಮೇಲೆ ಟಕ್, ಟಕ್. ಕೂಡಲೇ ಉತ್ತರ. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ, ಒಮ್ಮೆ ಎರಡು ಏಟು, ಒಮ್ಮೆ ಐದಾರು. ಸಿಕ್ಕಿತು ಅನ್ನಿಸಿತು. ಅತ್ತೆ ಮಚ್ಚಿನಲ್ಲಿ ಉತ್ತರ ಹೇಳಿಕೊಡುತ್ತಿದ್ದಾಳೆ! ಯಾವ ಏಟಿಗೆ ಯಾವ ಅಂಕಿ ಎಂದು ಎಷ್ಟು ತಾಳೆ ನೋಡಿದರೂ ಹೊಂದಲಿಲ್ಲ. ಹೊಂದದಿದ್ದಷ್ಟೂ ಇವರ ಉಪಾಯ ಬಹಳ ಆಳದ್ದು ಎಂದೇ ನಂಬಿದೆ.

ಬೇಸಿಗೆ ಕಳೆದು ಸ್ಕೂಲು ತೆಗೆಯುವ ಮೊದಲು ಹೆಡ್‌ಮೇಷ್ಟ್ರು ಮನೆಗೆ ಬಂದರು. ಗಿರಿಜೆ ಓದಿ, ಮಗ್ಗಿ ಒಪ್ಪಿಸಿದರೆ ನೇರ ನಾಲ್ಕನೇ ಕ್ಲಾಸಿಗೆ ಸೇರಿಸಿಕೊಳ್ಳುವುದಾಗಿ ಹೇಳಿದ್ದರು. ದಿನಾ ಗಾಡಿ ಕಟ್ಟಿ ಕಳಿಸಲು ಅಪ್ಪ ಒಪ್ಪಿದ್ದರು. ಗಿರಿಜೆ ಬೆಳಗಿನಿಂದ ಹೊಸ ಲಂಗ ಉಟ್ಟು, ಕಾಲಿನ ಮೇಲೆ ನೆರಿಗೆ ಎಳೆದೆಳೆದು ಮುಚ್ಚಿಕೊಂಡು ಕೂತಿದ್ದಳು. ಪುಸ್ತಕ ಓದಿದಳು, ಮೇಷ್ಟ್ರು ತಲೆದೂಗಿದರು. ಮಗ್ಗಿ ಶುರುವಾಯಿತು. ಅತ್ತೆ ಎಂದಿನಂತೆ ಕಂಬದ ಬಳಿ ಚಿಪ್ಪು ಒಡೆಯುತ್ತಿದ್ದಳು. ಆಗ ನಾನು ಮುಂದೆ ಬಂದು ಹೇಳಿದೆ: "ಅವಳಿಗೆ ಬರಲ್ಲ ಸಾ. ಅತ್ತೆ ಮಚ್ಚಲ್ಲಿ ತಟ್ಟಿ ಹೇಳ್ಕೊಡ್ತೈತೆ."

ಮೇಷ್ಟ್ರು ನಕ್ಕುಬಿಟ್ಟರು. "ಏನಮ್ಮಾ, ಮನೇಲೇ ತಂತಿ ಆಫೀಸ್ ಇಟ್ಟಿದ್ದೀರಾ?"

ಅಪ್ಪ ನಗಲಿಲ್ಲ. ಮೂಟೆಯ ತಳಕ್ಕೆ ಕೈಹಾಕುವಾಗಿನ ಮುಖ ಅವರದಾಗಿತ್ತು. "ಸಣ್ಣಮ್ಮಿ, ನೀನು ಒಸಿ ಹಿತ್ಲಿಗೆ ಹೋಗು," ಎಂದರು. ಅತ್ತೆ ನನ್ನನ್ನೊಮ್ಮೆ ನೋಡಿ, ಮಚ್ಚನ್ನು ಕೆಳಗಿಟ್ಟು, ಮಡಿಲ ಚೂರು ಕೊಡವಿಕೊಂಡು ಹೋದಳು. ಪಡಸಾಲೆ ನಿಶ್ಶಬ್ದವಾಯಿತು. ಆ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಅಂಥ ನಿಶ್ಶಬ್ದವನ್ನು ನಾನು ಕೇಳಿರಲೇ ಇಲ್ಲ. ಗಿರಿಜೆ, "ಏಳೊಂದ್ಲ ಏಳು, ಏಳೆರಡ್ಲ ಹದಿನಾಕು, ಏಳ್ಮೂರ್ಲ..." ಎಂದು ನಿಂತಳು. ಮತ್ತೆ ಮೊದಲಿಂದ ಹಿಡಿದು ಅಲ್ಲಿಗೇ ನಿಂತಳು. ನೆಲದ ಮೇಲಿನ ಮಚ್ಚನ್ನೇ ನೋಡುತ್ತಾ ಅಳುವ ದನಿಯಲ್ಲಿ, "ಯಾರಾದ್ರೂ ತಟ್ರಪ್ಪಾ," ಎಂದಳು.

ಅಷ್ಟು ಸಾಕಾಯಿತು. "ಮುಂದಿನ್ ವರ್ಷ ನೋಡಾಣ ಬುಡಿ," ಎಂದು ಮೇಷ್ಟ್ರು ಎದ್ದರು. ಮುಂದಿನ ವರ್ಷ ಬರಲಿಲ್ಲ. ಅಪ್ಪ ಅತ್ತೆಯನ್ನು ಒಂದು ಮಾತೂ ಕೇಳಲಿಲ್ಲ, ಅವಳೊಂದಿಗೆ ಮಾತಾಡುವುದನ್ನೂ ಬಿಟ್ಟರು. ಕೆಲವೇ ದಿನಗಳಲ್ಲಿ ಅತ್ತೆ ತುರುವೇಕೆರೆಗೆ, ಗಂಡನ ಅಣ್ಣನ ಮನೆಗೆ ಹೊರಟಳು. ಎಲ್ಲರಿಗೂ "ಬತ್ತೀನಿ" ಎಂದಳು. ನನ್ನ ಹತ್ತಿರ ಬಂದು, "ಏಳರ ಮಗ್ಗಿ ಕಲ್ತ್ಕಳಪ್ಪಾ, ಏಟು ತಿನ್ಬ್ಯಾಡ," ಎಂದಳು. ಇದರಲ್ಲೂ ಏನೋ ಇರಬೇಕೆಂದು ನಾನು ಆಗಲೂ ಯೋಚಿಸಿದೆ.

ಅವಳು ಹೋದ ಮೇಲೆ ಚಿಪ್ಪು ಒಡೆಯುವ ಕೆಲಸ ನನ್ನ ಪಾಲಿಗೆ ಬಂತು. ಮಚ್ಚಿನ ಬೆನ್ನಿನಿಂದ ಸುತ್ತಲೂ ತಟ್ಟಬೇಕು, ಒಳಗಿನ ಉಂಡೆ ಒಡೆಯಬಾರದು. ಕೆಲವು ಎರಡೇ ಏಟಿಗೆ ಬಿಡುತ್ತವೆ, ಕೆಲವು ಎಷ್ಟು ತಟ್ಟಿದರೂ ಹಟ ಹಿಡಿಯುತ್ತವೆ. ಎಷ್ಟು ಏಟು ಎನ್ನುವುದು ಒಡೆಯುವವರ ಕೈಯಲ್ಲಿ ಇರುವುದೇ ಇಲ್ಲ. ಅದು ತಿಳಿದದ್ದು ಮೊದಲ ಮಧ್ಯಾಹ್ನವೇ. ಆ ಸದ್ದಿನಲ್ಲಿ ಯಾವ ಉತ್ತರವೂ ಇರಲಿಲ್ಲ. ಮಗು ಆ ಸದ್ದಿನ ಜೊತೆ ಕಲಿತಿತ್ತು, ಸದ್ದು ನಿಂತಾಗ ಬೆದರಿತ್ತು, ಅಷ್ಟೇ. ತಟ್ಟುತ್ತಾ ತಟ್ಟುತ್ತಾ ಏಳರ ಮಗ್ಗಿ ನನಗೂ ಬಂತು. ಅತ್ತೆಯ ತಪ್ಪಿರಲಿಲ್ಲವೆಂದು ಮಾತ್ರ ಬಾಯಿಬಿಡಲಿಲ್ಲ. ಅಪ್ಪ ಈಗ ನನ್ನ ಮೂಟೆಯ ತಳಕ್ಕೆ ಕೈಹಾಕುತ್ತಾರೆಂಬ ಭಯ.

ಎಸ್ಸೆಸ್ಸೆಲ್ಸಿ ಮುಗಿಸಿ ಮಂಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಒಮ್ಮೆ ಅತ್ತೆಯನ್ನು ಕಂಡು ಹೇಳಿಬಿಡೋಣವೆಂದು ಬಸ್ಸು ಹತ್ತಿದೆ. ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಅವಳು ಎಲ್ಲರೆದುರು ಬೈದಾಳೋ, ಇಲ್ಲ ಬೈಯದೆ ಊಟಕ್ಕೆ ಕೂರಿಸಿಯಾಳೋ ಎಂಬ ಅನುಮಾನದಲ್ಲಿ ಟೀ ಕುಡಿದು, ವಾಪಸು ಬಸ್ಸು ಹತ್ತಿದೆ. ಅವಳು ಹೋದ ಸುದ್ದಿ ಬಂದದ್ದು ಮಣ್ಣು ಮಾಡಿ ಆದ ಮೇಲೆ. ಈಗ ಕಂದಿಕೆರೆಯ ನಮ್ಮ ಮನೆಯೂ ಇಲ್ಲ, ಅಟ್ಟದ ತೊಲೆಗಳು ಯಾರ ಮನೆಗೋ ಹೋದವು. ಗಿರಿಜೆಯ ಎದುರು ಒಮ್ಮೆ ಎಲ್ಲ ಹೇಳಿ ತಪ್ಪಾಯ್ತು ಎಂದೆ. ಅವಳು ಮೊಮ್ಮಗನಿಗೆ ಮಗ್ಗಿ ಹೇಳಿಕೊಡುತ್ತಾ, ಬೆರಳ ಗೆಣ್ಣಿನಿಂದ ನೆಲ ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸದೆ, "ನನ್ನೇನ್ ಕೇಳ್ತೀಯ ಬುಡಣ್ಣ. ಅತ್ತೇನ ಕೇಳ್ಬೇಕಿತ್ತು," ಎಂದಳು.

ಅತ್ತೆಯನ್ನು ನಮ್ಮ ಮನೆಯಲ್ಲಿ ಸಣ್ಣಮ್ಮಿ, ಸಣ್ಣತ್ತೆ ಎಂದು ಕರೆದವರೇ ಎಲ್ಲ, ಹೆಸರು ಹಿಡಿದು ಕರೆದವರಿಲ್ಲ. ಗೋದಾಮಿನಲ್ಲಿ ಮಚ್ಚಿನ ಸದ್ದು ಈಗಷ್ಟೇ ನಿಂತಿತು. ಅವಳ ಹೆಸರು ಸಿದ್ದಗಂಗಮ್ಮ.