ಬ್ಯಾಟರಿ ಇಳಿದ ಮಧ್ಯಾಹ್ನ

ಭದ್ರೆ ಉಕ್ಕಿ ಭದ್ರಾವತಿಯ ತಗ್ಗಿನ ಬೀದಿಗಳಿಗೆ ನುಗ್ಗಿದ ವರ್ಷ ನನಗೆ ಎಪ್ಪತ್ತೆರಡು. ಶಿವಮೊಗ್ಗದ ನಮ್ಮ ಮನೆಯಲ್ಲೂ ಎರಡು ದಿನದಿಂದ ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಉಳಿದದ್ದು ಬ್ಯಾಟರಿಯಲ್ಲಿ ನಡೆಯುವ ಹ್ಯಾಮ್ ರೇಡಿಯೊ ಮಾತ್ರ. ಗಂಡ ಬದುಕಿದ್ದಾಗ ಅವರ ಈ ಹಾಬಿಗೆ ಮೂಗು ಮುರಿಯುತ್ತಿದ್ದವಳು, ಅವರು ಹೋದ ಮೇಲೆ ಮನೆಯ ಸದ್ದಿಲ್ಲದ ಸೆಟ್ ನೋಡಲಾರದೆ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡಿದ್ದೆ.

ಭದ್ರಾವತಿಯ ಶಾಲೆಯೊಂದರಲ್ಲಿ ನೆರೆ ಸಂತ್ರಸ್ತರನ್ನು ಇಟ್ಟಿದ್ದರು. ಅಲ್ಲಿ ಚಿಕ್ಕ ಸೆಟ್ ಹಿಡಿದು ಕೂತವರು ಕಾರ್ಖಾನೆಯಿಂದ ರಿಟೈರ್ ಆದ ಒಬ್ಬರು. ಮುಖ ನೋಡಿರಲಿಲ್ಲ, ದನಿ ಮಾತ್ರ ಪರಿಚಯ. ಅವರ ಸಿಗ್ನಲ್ ಶಿವಮೊಗ್ಗದ ಕಂಟ್ರೋಲ್ ರೂಮಿಗೆ ಮುಟ್ಟುತ್ತಿರಲಿಲ್ಲ. ವಿನೋಬನಗರದ ನಮ್ಮ ತಾರಸಿಯ ಆಂಟೆನಾಕ್ಕೆ ಮಾತ್ರ ಸಿಗುತ್ತಿತ್ತು. ಅವರು ಹೇಳಿದ್ದನ್ನು ಬರೆದುಕೊಂಡು ಅಲ್ಲಿಗೆ ದಾಟಿಸುವುದು, ಅಲ್ಲಿನ ಉತ್ತರವನ್ನು ಅವರಿಗೆ ತಲುಪಿಸುವುದು, ಇಷ್ಟೇ ನನ್ನ ಕೆಲಸ.

ನನ್ನ ತಪ್ಪು ಆ ದಿನ ಬೆಳಿಗ್ಗೆಯೇ ಆಗಿತ್ತು. ಹ್ಯಾಮ್‌ಗಳಲ್ಲಿ ಒಂದು ರೂಢಿ: ಕರೆದವರಿಗೆ ಉತ್ತರಿಸಬೇಕು, ಅವರ ದನಿ ಎಷ್ಟು ಸ್ಪಷ್ಟ ಎಂದು ರಿಪೋರ್ಟ್ ಕೊಡಬೇಕು, ಶುಭ ಹಾರೈಸಿ ಬಿಡಬೇಕು. ಸುತ್ತಲಿನ ಊರುಗಳಿಂದ ಒಬ್ಬೊಬ್ಬರೇ 'ನಾವೂ ರೆಡಿ' ಎನ್ನುತ್ತಾ ಬಂದರು. ಎಲ್ಲರಿಗೂ ಉತ್ತರಿಸಿದೆ. ಮಳೆ ಹೇಗಿದೆ ಎಂದರೆ ಮಳೆ, ಸೊಂಟ ನೋವು ಹೇಗಿದೆ ಎಂದರೆ ಅದನ್ನೂ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಿದ್ದಿದ ಮ್ಯಾನರ್ಸ್. ಗುಡ್ ಮಾರ್ನಿಂಗ್ ಎಂದವರಿಗೆ ಉತ್ತರಿಸದೆ ಇದ್ದು ಅಭ್ಯಾಸವಿಲ್ಲ. ಕೇಳುವುದಕ್ಕೆ ಬ್ಯಾಟರಿ ಗುಟುಕಿನಷ್ಟು ಸಾಕು, ಮಾತಾಡುವುದಕ್ಕೆ ಕೊಡಗಟ್ಟಲೆ ಬೇಕು. ಗೊತ್ತಿಲ್ಲದ ವಿಷಯವೇನಲ್ಲ.

ಊಟದ ಹೊತ್ತಿಗೆ ಭದ್ರಾವತಿಯವರ ದನಿ ಬಂತು. "ಅರ್ಜೆಂಟ್ ಮೆಸೇಜ್ ಮೇಡಂ. ಡಯಾಲಿಸಿಸ್ ಪೇಷಂಟ್, ಹೆಂಗಸು. ಎರಡು ಸರ್ತಿ ತಪ್ಪಿದೆ, ಉಸಿರು ಕಟ್ತಿದೆ. ಶಾಲೆ ಸುತ್ತ ನೀರು. ಬೋಟ್ ಬೇಕು, ಆಚೆ ಕಡೆ ಆಂಬುಲೆನ್ಸ್ ಬೇಕು. ಬರ್ಕೊಂಡ್ರಾ?"

ಬರೆದುಕೊಂಡೆ. ಉತ್ತರಿಸಲು ಬಟನ್ ಒತ್ತಿದೆ. ಸೆಟ್ಟಿನ ದೀಪ ಆರಿತು. ಬೆರಳು ತೆಗೆದೆ; ದೀಪ ಬಂತು, ಅವರ ದನಿಯೂ ಬಂತು. "ಮೇಡಂ, ಇದ್ದೀರಾ?" ಪವರ್ ತಗ್ಗಿಸಿ ಒತ್ತಿದೆ. ಮತ್ತೆ ಆರಿತು.

ಪಕ್ಕದ ಮನೆಯವರನ್ನು ಕೂಗಿದೆ. ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಸ್ಕೂಟರಿನ ಬ್ಯಾಟರಿ ಬಿಚ್ಚಿಕೊಡಿ ಎಂದೆ. ಆ ಉಸಿರಿನಲ್ಲೇ, ಈ ಚೀಟಿಯನ್ನು ಕಂಟ್ರೋಲ್ ರೂಮಿಗೆ ಮುಟ್ಟಿಸಿ ಎಂದೂ ಹೇಳಿದೆ.

"ಯಾವ್ದಾದ್ರೂ ಒಂದು ಹೇಳಿ ಟೀಚರ್. ಬ್ಯಾಟರಿ ಬಿಚ್ಚಿದ್ರೆ ಸ್ಕೂಟರ್ ತಳ್ಕೊಂಡು ಹೋಗ್ಲಾ?"

"ಚೀಟಿನೇ ತಗೊಂಡ್ಹೋಗಿ."

"ಬೆಳಿಗ್ಗೆಯೆಲ್ಲಾ ನಿಮ್ಮ ಮಾತು ನಮ್ಮ ಅಡುಗೆಮನೆಗೇ ಕೇಳ್ತಿತ್ತಲ್ಲ ಮಾರಾಯ್ರೆ," ಎಂದರು ರೈನ್‌ಕೋಟ್ ಹಾಕಿಕೊಳ್ಳುತ್ತಾ. ತಮಾಷೆಗೇ ಅಂದದ್ದು. ಆದರೂ ನಾಟಿತು.

ಅವರು ಹೋದ ಮೇಲೆ ನನಗೆ ಮಾಡಲು ಏನೂ ಇರಲಿಲ್ಲ. ಸೆಟ್ ಆಫ್ ಮಾಡಬಹುದಿತ್ತು, ಮನಸ್ಸಾಗಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಭದ್ರಾವತಿಯಿಂದ ಅದೇ ಮೆಸೇಜು, ಅದೇ ಮಾತುಗಳಲ್ಲಿ. ಕೊನೆಗೆ ಪ್ರತಿ ಸಲವೂ, "ಯಾರಿಗಾದ್ರೂ ಕೇಳಿಸ್ತಿದ್ಯಾ?" ನಾನು ಖಾಲಿ ಕೋಣೆಯಲ್ಲಿ "ಕೇಳಿಸ್ತಿದೆ" ಎನ್ನುತ್ತಿದ್ದೆ.

ಪಕ್ಕದ ಮನೆಯವರು ತೊಯ್ದು ವಾಪಸಾದರು. "ಚೀಟಿ ಕೊಟ್ಟೆ. ಬೋಟ್ ಬೇರೆ ಕಡೆ ಹೋಗಿದ್ಯಂತೆ. ಬಂದ ಕೂಡ್ಲೆ ಕಳಿಸ್ತಾರಂತೆ." ಹೇಳಿದವರೇ ಕೂತು ಸ್ಕೂಟರಿನ ಬ್ಯಾಟರಿ ಬಿಚ್ಚಿದರು. ಪುಟ್ಟ ಬ್ಯಾಟರಿ. ಎರಡು ಶಬ್ದ ಆಡುವಷ್ಟರಲ್ಲಿ ಅದೂ ಸುಸ್ತಾಯಿತು. ಆ ಎರಡು ಶಬ್ದವೂ ಭದ್ರಾವತಿಗೆ ಮುಟ್ಟಲಿಲ್ಲವೆಂದು ತಿಳಿದದ್ದು, ಆ ದನಿ ಮತ್ತೆ ಮೊದಲಿನಿಂದ ಓದತೊಡಗಿದಾಗ.

ಸಂಜೆ ಮೆಸೇಜು ಬದಲಾಯಿತು. "ಡಯಾಲಿಸಿಸ್ ಮೆಸೇಜ್ ಕ್ಯಾನ್ಸಲ್. ಪೇಷಂಟ್ ತೀರ್ಕೊಂಡ್ರು. ಬೋಟ್ ಬೇರೆಯವ್ರಿಗೆ ಕೊಡಿ." ನಿಯಮದಂತೆ ಅದನ್ನೂ ಎರಡು ಸಲ ಓದಿದರು.

ಮೆಸೇಜು ಬೇಗ ಕಂಟ್ರೋಲ್ ರೂಮಿಗೆ ಮುಟ್ಟಿದ್ದರೂ ಬೋಟ್ ಬೇಗ ಬರುತ್ತಿತ್ತೇ, ಗೊತ್ತಿಲ್ಲ. ಬರುತ್ತಿರಲಿಲ್ಲ ಎಂದು ಎಲ್ಲರೂ ನನಗೆ ಸಮಾಧಾನ ಹೇಳುತ್ತಾರೆ. ವೆರಿ ಕೈಂಡ್ ಆಫ್ ದೆಮ್.

ನೀರಿಳಿದ ಮೇಲೆ ಭದ್ರಾವತಿಯವರು ನಮ್ಮ ಮನೆಗೆ ಬಂದರು. ದನಿಗಿಂತ ಮುದುಕರು. ಕಾಫಿ ಕೊಟ್ಟೆ.

"ನಿಮ್ಮ ಆಂಟೆನಾ ಬಿದ್ದುಹೋಗಿತ್ತಾ ಮೇಡಂ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. "ಇಲ್ಲ. ಎಲ್ಲಾ ಕೇಳಿಸ್ತಿತ್ತು. ಬೆಳಿಗ್ಗೆನೇ ಮಾತಾಡಿ ಬ್ಯಾಟರಿ ಮುಗಿಸಿದ್ದೆ. ಐ ಆ್ಯಮ್ ಸಾರಿ."

ಅವರು ಲೋಟವನ್ನು ಕೆಳಗಿಟ್ಟರು.

"ಆಯಮ್ಮಂಗೆ ಮೊದಮೊದ್ಲು ಹೇಳ್ತಿದ್ದೆ, ಶಿವಮೊಗ್ಗದ ಮೇಡಂ ಕೇಳಿಸ್ಕೊಂಡಿದ್ದಾರೆ, ಬೋಟ್ ಬರುತ್ತೆ ಅಂತ. ಆಮೇಲೆ, ಸಾಯೋರಿಗೆ ಸುಳ್ಳು ಯಾಕೆ ಹೇಳ್ಬೇಕು ಅಂತ ನಿಲ್ಲಿಸ್ಬಿಟ್ಟೆ."